ಒಂದು ಹಿಡಿ ಕುಚ್ಚಲಕ್ಕಿ

"ಪುಡಿಯ ಪಟ್ಟಿ ಯಾರು ತಿದ್ದಿದ್ದು ಅಂತ ಎಲ್ಲರೆದುರು ತೆಗೆದು ತೋರಿಸಿ ಮಾನಸಿಯಮ್ಮ. ಕಳ್ಳ ಯಾರೂಂತ ಇವತ್ತೇ ಗೊತ್ತಾಗಲಿ."

ಯಜ್ಞೇಶ್ವರ ಭಟ್ಟರ ದನಿಗೆ ಘಣಸೋಲಿಯ ಹೊಸ ಅಡುಗೆಮನೆಯ ಸ್ಟೀಲ್ ಪಾತ್ರೆಗಳೂ ಬೆಚ್ಚಿದಂತಾಯಿತು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಮೇಜಿನ ಮೇಲೆ ಮಾನಸಿಯ ಲ್ಯಾಪ್‌ಟಾಪು. ಅದರ ಪಕ್ಕ ತಲೆ ತಗ್ಗಿಸಿ ನಿಂತ ಕುಶಲ.

"ಭಟ್ರೇ, ಎರಡೂ ಹೋಟೆಲಿಗೆ ಒಂದೇ ಆದ ಈ ಕಿಚನ್ನಿಗೆ ಹೆಡ್ ಯಾರು ಅಂತ ಹೇಳ್ಲಿಕ್ಕೆ ನಿಮ್ಮಿಬ್ಬರನ್ನು ಕರೆದದ್ದು. ಝಗಡಾ ಯಾಕೆ?" ಎಂದಳು ಮಾನಸಿ.

"ಅದಕ್ಕೆ ಮೊದಲು ಇದು ತೀರ್ಮಾನ ಆಗಲಿ."

ಠಾಣೆಯ ವರ್ತಕ ನಗರದ ಹೋಟೆಲಿನಲ್ಲಿ ಭಟ್ಟರದು ಇಪ್ಪತ್ತೆರಡು ವರ್ಷದ ಒಲೆ. ಅವರ ಸಾಂಬಾರಿಗೆಂದೇ ಜನ ಇಡ್ಲಿ ತಿನ್ನುತ್ತಿದ್ದರು. ಕಲ್ಯಾಣದ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ, ಮೆಣಸು, ಉದ್ದಿನಬೇಳೆಗಳನ್ನು ಮೂಸಿ ನೋಡಿ ಅವರೇ ಆರಿಸುತ್ತಿದ್ದರು. ಪುಡಿ ಡೊಂಬಿವಲಿಯ ಮನೆಯದ್ದು. ಸ್ಟೀಲ್ ಡಬ್ಬಿಯಲ್ಲಿ ತುಂಬಿ ಲೋಕಲ್ ರೈಲಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದರು. ಅದರಲ್ಲಿ ಏನೇನಿದೆ ಎಂದು ಕೇಳಿದವರಿಗೆ ಒಂದು ನಗೆ ಸಿಗುತ್ತಿತ್ತು, ಉತ್ತರವಲ್ಲ.

ತಂದೆಯ ವ್ಯವಹಾರ ಕೈಗೆತ್ತಿಕೊಂಡ ಮಾನಸಿ ಎರಡೂ ಹೋಟೆಲಿಗೆ ಆಫೀಸಿನವರು ಬಳಸುವಂಥದೊಂದು ಆ್ಯಪ್ ತಂದಳು. ರಜೆ, ಸಾಮಾನು, ದೂರು ಎಲ್ಲವೂ ಅದರಲ್ಲೇ. ಒಂದು ದಿನ ಭಟ್ಟರನ್ನು ಕೂರಿಸಿಕೊಂಡು ಪುಡಿಯ ಪಟ್ಟಿಯನ್ನೂ ಹೇಳಿಸಿ ಬರೆದುಕೊಂಡಳು. ಭಟ್ಟರು ಎಲ್ಲವನ್ನೂ ಹೇಳಿ ಮೆಂತ್ಯವನ್ನು ಮಾತ್ರ ನುಂಗಿಕೊಂಡರು. ಒಲೆಯ ಮುಂದೆ ನಿಂತ ಯಾವ ಭಟ್ಟನೂ ಅಷ್ಟು ಮಾಡುತ್ತಾನೆ.

ಆ ಪಟ್ಟಿ ತಿದ್ದುವ ಅಧಿಕಾರವನ್ನು ಮಾನಸಿ ಕೊಟ್ಟದ್ದು ಇಬ್ಬರಿಗೇ: ಭಟ್ಟರಿಗೆ ಮತ್ತು ಘಣಸೋಲಿ ಹೋಟೆಲಿನ ಹೊಸ ಅಡುಗೆಯವ ಕುಶಲನಿಗೆ. ಅದಕ್ಕೆಂದೇ ಇಬ್ಬರ ಕೈಗೂ ಒಂದೊಂದು ಹೊಸ ಫೋನು ಬಂತು. ಭಟ್ಟರದು ಗಳಿಗೆಗೊಮ್ಮೆ ಕುಂಯ್ ಎಂದು ಒಂದು ದಿನ ದೋಸೆ ಹಿಟ್ಟಿಗೇ ಬೀಳುವುದರಲ್ಲಿತ್ತು. ಅಂದಿನಿಂದ ಅದು ಮನೆಯ ಫ್ರಿಜ್ಜಿನ ಮೇಲೆಯೇ ಉಳಿಯಿತು. ಬೇಕಾದಾಗ ಗಲ್ಲಾದ ಲತೀಶ ತನ್ನ ಕಂಪ್ಯೂಟರಿನಲ್ಲಿ ಪಟ್ಟಿ ಓದಿ ಹೇಳುತ್ತಿದ್ದ. ಅವನು ಓದಬಹುದಿತ್ತು, ತಿದ್ದುವಂತಿರಲಿಲ್ಲ.

ಮಳೆಗಾಲ ಕಳೆಯುವುದರೊಳಗೆ ಗಿರಾಕಿಗಳ ಬಾಯಲ್ಲಿ ಹೊಸ ಮಾತು. "ಭಟ್ರೇ, ಘಣಸೋಲಿಯ ಸಾಂಬಾರು ತಿಂದು ನೋಡಿದ್ರಾ?"

ಒಂದು ಭಾನುವಾರ ಭಟ್ಟರು ಟೋಪಿ ಹಾಕಿಕೊಂಡು ಹೋಗಿ ಮೂಲೆಯ ಮೇಜಿನಲ್ಲಿ ಕುಳಿತರು. ಮೊದಲ ಚಮಚಕ್ಕೇ ಗೊತ್ತಾಯಿತು. ಅದು ತಮ್ಮದೇ ಸಾಂಬಾರು. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ತನ್ನ ಗದ್ದೆಯ ನೀರನ್ನು ಪಕ್ಕದವನು ಸದ್ದಿಲ್ಲದೆ ತಿರುಗಿಸಿಕೊಂಡದ್ದನ್ನು ಕಂಡವನ ಹಾಗೆ ಕುಳಿತುಬಿಟ್ಟರು.

ಮರುದಿನ ಲತೀಶ ಪಟ್ಟಿ ಓದಿದ. ಮೆಂತ್ಯ ಬಂದು ಕೂತಿತ್ತು! ಅದರ ಕೆಳಗೆ ಮತ್ತೊಂದು ಸಾಲು: ಒಂದು ಹಿಡಿ ಕುಚ್ಚಲಕ್ಕಿ, ಕೆಂಪಗೆ ಹುರಿದದ್ದು.

ಮೆಂತ್ಯ ಕದ್ದದ್ದನ್ನಾದರೂ ಕ್ಷಮಿಸಬಹುದಿತ್ತು. ಕುಚ್ಚಲಕ್ಕಿಯ ವಿಷಯ ಭಟ್ಟರಿಗೇ ಗೊತ್ತಿರಲಿಲ್ಲ. ನಿನ್ನೆ ಮೊನ್ನೆ ಪುತ್ತೂರಿನಿಂದ ಬಂದವನು ತಮಗಿಂತ ಹೆಚ್ಚು ಬಲ್ಲನೇ?

ಮೇಲಾಗಿ ಠಾಣೆ ಸ್ಟೇಷನ್ನಿನಲ್ಲಿ ಎದುರಾದ ಕುಶಲ ಅಷ್ಟು ಜನರ ನಡುವೆ ಕಾಲು ಮುಟ್ಟಿದ್ದ. "ನಿಮ್ಮ ದಯದಿಂದ ನನ್ನ ಸಾಂಬಾರು ಬದುಕಿತು ಭಟ್ರೇ."

ಆ ದಿನ ಊಟಕ್ಕೆ ಕೂತವರೇ, "ಹೇಗೆ ಹಂಗಿಸ್ತಾನೆ ನೋಡು!" ಎಂದು ಹೆಂಡತಿ ರತ್ನಾವತಿಯ ಮುಂದೆ ಕೂಗಾಡಿದರು.

ಅವಳು ಮಜ್ಜಿಗೆ ಬಡಿಸುತ್ತ, "ಕಲಿಯುವ ಮಾಣಿ. ಕಲೀಲಿ ಬಿಡಿ" ಎಂದಳು.

"ಕಲಿಯೂದಲ್ಲ, ಕದಿಯೂದು!"

ನಿನ್ನೆ ಲತೀಶ ಸುದ್ದಿ ತಂದಿದ್ದ. ಆ್ಯಪಿಗೆ ಈ ತಿಂಗಳು ಹೊಸ ಸೌಲಭ್ಯವೊಂದು ಬಂದಿದೆ. ಯಾವ ಸಾಲನ್ನು ಯಾರು, ಎಷ್ಟು ಹೊತ್ತಿಗೆ ಬರೆದರೆಂಬುದೆಲ್ಲ ಕಾಣುತ್ತದೆ, ಆದರೆ ಅಡ್ಮಿನ್ ಆದ ಮಾನಸಿಗೆ ಮಾತ್ರ. ಭಟ್ಟರಿಗೆ ಅಷ್ಟು ಸಾಕಾಗಿತ್ತು.

ಮಾನಸಿ ಲ್ಯಾಪ್‌ಟಾಪಿನಲ್ಲಿ ಅಲ್ಲಿ ಇಲ್ಲಿ ಒತ್ತಿದಳು. ಹುಬ್ಬು ಗಂಟಿಕ್ಕಿದಳು. ಆಮೇಲೆ ನಿಧಾನವಾಗಿ ತಲೆ ಎತ್ತಿದಳು.

"ಇದೆಂತ ನಾಟಕ ಭಟ್ರೇ? ಜೂನ್ ಹನ್ನೆರಡು, ಮಧ್ಯಾಹ್ನ ಮೂರು ಹತ್ತು. ಮೆಂತ್ಯ: ಯಜ್ಞೇಶ್ವರ ಭಟ್. ಮೂರು ಹನ್ನೆರಡು. ಕುಚ್ಚಲಕ್ಕಿ: ಯಜ್ಞೇಶ್ವರ ಭಟ್."

"ಎಂತ?"

"ನಾನೇ ಅಲ್ವಾ ಕೇಳಿದ್ದು?" ಎಂದ ಕುಶಲ ಕಣ್ಣೊರೆಸಿಕೊಂಡು. "ಪುಡಿಯಲ್ಲಿ ಎಂತದೋ ಕಮ್ಮಿ ಉಂಟು, ಜನ ಬಟ್ಟಲಲ್ಲೇ ಬಿಡ್ತಾರೆ ಅಂತ ನಿಮಗೆ ಮೆಸೇಜು ಹಾಕಿದೆ. ಕೂಡಲೇ ಬರೆದ್ರಿ. ಹುರಿಯುವಾಗ ಕೈ ನಿಲ್ಲಿಸಬೇಡ ಮಾಣಿ, ಅಂತ ದಿನಾ ಮೆಸೇಜಿನಲ್ಲೇ ಹೇಳಿದ್ರಿ. ಈಗ ಕಳ್ಳ ಅಂತೀರಲ್ಲ!"

"ಭಟ್ರು ಸತ್ತರೂ ಬಾಯಿ ಬಿಡೂದಿಲ್ಲ ಅಂತ ಪಪ್ಪ ಹೇಳ್ತಿದ್ರು," ಎಂದು ಮಾನಸಿ ನಕ್ಕಳು. "ನೀವು ನೋಡಿದ್ರೆ ಗುಟ್ಟಾಗಿ ಕಲಿಸಿ, ಮೇಲಿಂದ ಬೈತೀರಿ! ಬಸ್, ತೀರ್ಮಾನ ಆಯ್ತು. ಇಲ್ಲಿಗೆ ನೀವೇ ಹೆಡ್. ಇನ್ನು ಪುಡಿ ಮನೆಯಿಂದ ಬೇಡ, ಇಲ್ಲೇ ಹುರಿಯಿರಿ. ಈಗಲೇ ಶುರು ಮಾಡಿ, ಎಲ್ಲರೂ ನೋಡಲಿ."

ಒಲೆ ಹೊತ್ತಿತು. ಬಾಣಲೆ ಏರಿತು. ಕುಶಲ ಭಕ್ತಿಯಿಂದ ಸಟ್ಟುಗವನ್ನು ಅವರ ಕೈಗಿಟ್ಟ.

"ಮೊದಲು ಯಾವುದು ಭಟ್ರೇ, ಕೊತ್ತಂಬರಿಯಾ, ಅಕ್ಕಿಯಾ?"

ಬಾಣಲೆ ಕಾದು ಹೊಗೆಯಾಡತೊಡಗಿತು. ಭಟ್ಟರ ಹೊಟ್ಟೆಯುರಿ ಕುಶಲನನ್ನು ಬಿಟ್ಟು ಮೆಲ್ಲಗೆ ಡೊಂಬಿವಲಿಯ ಕಡೆ, ಫ್ರಿಜ್ಜಿನ ಮೇಲಿನ ಆ ಫೋನಿನ ಕಡೆ ತಿರುಗಿತು.

ಇಪ್ಪತ್ತೆರಡು ವರ್ಷ ಅವರು ಹೊತ್ತದ್ದು ಡಬ್ಬಿಯನ್ನು ಮಾತ್ರ. ಪುಡಿ ಹುರಿದವಳು ರತ್ನಾವತಿ.