ಗೋಡೆಯಾಚೆಯ ಸಿಳ್ಳು

ಜೋಡಿ ಸತ್ತಮೇಲೆ ಮೃಗಾಲಯದ, ಹಕ್ಕಿಯ ಹಾಗೆ ಸಿಳ್ಳು ಹಾಕುವ ಅಂಗೈಯಗಲದ ವಿದೇಶಿ ಹೆಣ್ಣುಕೋತಿ ಅನ್ನನೀರು ಬಿಟ್ಟಿತ್ತು. ಹೆಂಡತಿಯನ್ನು ಕಳೆದುಕೊಂಡಿದ್ದ ಮಿಮಿಕ್ರಿ ಐತಪ್ಪ ದಿನಾ ಬೆಳಿಗ್ಗೆ ಗೋಡೆಯ ಹಿಂದೆ ಅವಿತು, ಸತ್ತ ಗಂಡುಕೋತಿಯ ಹಾಗೆ ಸಿಳ್ಳು ಹಾಕುತ್ತಿದ್ದ. ಆಚೆಯಿಂದ ಸಣ್ಣ ಸಿಳ್ಳು ಮರಳಿ ಬಂದರೆ ಅವನಿಗೂ ತುತ್ತು ಇಳಿಯುತ್ತಿತ್ತು.

"ಕೊಳದ ಏರೋಪ್ಲೇನ್ ಚಿಟ್ಟೆ ನೋಡಿ ಕಲೀರಿ ಮಾರಾಯ್ರೆ," ಎನ್ನುತ್ತಿದ್ದ ಕಾವಲುಗಾರ ಇದಿನಬ್ಬ. "ಒಂದು ಹೋದ್ರೆ ಇನ್ನೊಂದರ ಬೆನ್ನು ಹಿಡೀತದೆ."

"ಅದು ಚಿಟ್ಟೆ. ಇದು ನಮ್ಮ ಜಾತಿ. ನಾನು ಕರೆಯೋದು ಬಿಟ್ರೆ ಸಾಯ್ತದೆ."

"ಹಾಗಾದ್ರೆ ಕರೀತಾ ಇರಿ. ಇಣುಕಬೇಡಿ ಅಷ್ಟೇ, ನಿಮ್ಮ ಮೋರೆ ಕಂಡ್ರೆ ಅದಕ್ಕೆ ಮೋಸ ಗೊತ್ತಾಗ್ತದೆ."

ಒಂದು ಬೆಳಿಗ್ಗೆ ಮರುಸಿಳ್ಳಿನ ನಡುವೆ ಬೀಡಿ ಸೇದುವವರ ಕೆಮ್ಮು ಕೇಳಿಸಿತು. ಐತಪ್ಪ ಗೋಡೆಯ ಮೇಲಿಂದ ಇಣುಕಿದ. ತೊಳೆದಿಟ್ಟ ಖಾಲಿ ಪಂಜರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಾಯಿಗೆ ಅಂಗೈ ಅಡ್ಡ ಹಿಡಿದು, ಇದಿನಬ್ಬ ಸಿಳ್ಳು ಹಾಕುತ್ತಿದ್ದ.