ಟೀಚರ್ ಹೇಳುವ ಡಾಕ್ಟರ್ ಕಥೆ

"ಕಿವಿ ಹಿಂದೆ ಸರಿಯಾಗಿ ಹಚ್ಚಮ್ಮ, ಒಂದು ಬಿಳಿ ಕೂದಲೂ ಕಾಣಬಾರದು."

ಕುರ್ಚಿಯಲ್ಲಿ ಕೂತವರ ದನಿ ಕೇಳಿ, ಬಣ್ಣದ ಬ್ರಷ್ ಹಿಡಿದಿದ್ದ ಪಾರ್ಲರಿನ ಹೆಂಗಸು ಕನ್ನಡಿಯಲ್ಲಿ ಅವರ ಮುಖವನ್ನು ಮತ್ತೊಮ್ಮೆ ನೋಡಿದಳು. ತನ್ನ ಹೈಸ್ಕೂಲಿನ ಗಣಿತದ ಟೀಚರ್! ಇಷ್ಟು ವರ್ಷವಾದರೂ ಅದೇ ಗದರು ದನಿ. ಅವರು ಮಾತ್ರ ಇವಳ ಗುರುತು ಹಿಡಿದಂತೆ ಕಾಣಲಿಲ್ಲ.

ಅಷ್ಟರಲ್ಲಿ ಟೀಚರ ಫೋನು ಬಡಿದುಕೊಂಡಿತು. ಯಾರೋ ತಾಯಿ, ಮಗ ಓದುವುದಿಲ್ಲವೆಂಬ ದೂರು.

"ಹತ್ತನೇ ಕ್ಲಾಸು ಗೆದ್ದರೆ ಬದುಕೇ ಗೆದ್ದ ಹಾಗೆ ಕಣ್ರೀ. ನನ್ನ ಒಬ್ಬಳು ಸ್ಟೂಡೆಂಟ್ ಇದ್ದಳು, ಎರಡು ಜಡೆ, ತೇಪೆ ಹಾಕಿದ ಚೀಲ. ಗಣಿತದಲ್ಲಿ ನೂರಕ್ಕೆ ನೂರು, ಇಡೀ ಶಾಲೆಗೇ ಫಸ್ಟು. ಈಗ ದೊಡ್ಡ ಡಾಕ್ಟರು! ಪ್ರತಿ ವರ್ಷ ಮಕ್ಕಳಿಗೆ ಅವಳ ಕಥೆನೇ ಹೇಳೋದು ನಾನು."

ಬ್ರಷ್ ಹಿಡಿದ ಕೈ ನಿಂತುಬಿಟ್ಟಿತು. ಆ ಚೀಲಕ್ಕೆ ತೇಪೆ ಹಾಕಿದ್ದು ಇವಳ ಅಮ್ಮ. ತನ್ನನ್ನು ನೆನಪಿಟ್ಟವರು ಒಬ್ಬರಾದರೂ ಇದ್ದಾರಲ್ಲ ಅನ್ನಿಸಿತು. ಮನೆಯಲ್ಲಿ ಹೆತ್ತ ಮಗಳೇ ನಂಬುತ್ತಿರಲಿಲ್ಲ. "ಫಸ್ಟ್ ಬಂದವಳು ಊರವರ ತಲೆಗೆ ಬಣ್ಣ ಯಾಕೆ ಬಳೀತಿದೀಯ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಫಸ್ಟ್ ಬಂದ ಬೇಸಿಗೆಯಲ್ಲೇ ಅಪ್ಪ ಹಾಸಿಗೆ ಹಿಡಿದದ್ದು, ಓದು ಅಲ್ಲಿಗೇ ನಿಂತದ್ದು ಅವಳಿಗೆ ಅಡುಗೂಲಜ್ಜಿ ಕಥೆ.

ಟೀಚರ್ ಫೋನಿಟ್ಟ ಮೇಲೆ ಇವಳೆಂದಳು, "ಟೀಚರ್, ಅದು ನಾನೇ."

ಟೀಚರ್ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತು ಕಣೇ. ಬಾಗಿಲಲ್ಲೇ ಗೊತ್ತಾಯ್ತು. ನೀನಾಗಿ ಹೇಳದಿದ್ರೆ ಸಾಕಪ್ಪಾ ಅಂತಿದ್ದೆ."

"ಮತ್ತೆ... ಡಾಕ್ಟರು ಅಂತ?"

"ಇನ್ನೇನು ಹೇಳಲಿ? ಎಲ್ಲರನ್ನೂ ಇಲ್ಲಿಗೆ ಕರ್ಕೊಂಡು ಬಂದು ತೋರಿಸಲಾ?" ಟೀಚರ ದನಿಯಲ್ಲಿ ಸಿಟ್ಟಿಗಿಂತ ಸುಸ್ತೇ ಹೆಚ್ಚಿತ್ತು. "ನಿನ್ನ ನೋಡಿದರೆ ಒಂದು ಮಗುವೂ ಪುಸ್ತಕ ಮುಟ್ಟಲ್ಲ."

ಬೇರೆಯವರಾಗಿದ್ದರೆ ಅಲ್ಲಿಗೇ ಸುಮ್ಮನಾಗುತ್ತಿದ್ದರು. ಇವಳಿಗೆ ಆಸೆ ಸಾಯಲಿಲ್ಲ.

"ನನ್ನ ಮಗಳು ಈ ಸಲ ನಿಮ್ಮ ಕ್ಲಾಸಿಗೇ ಬರ್ತಾಳೆ, ಟೀಚರ್. ಅವಳೊಬ್ಬಳಿಗಾದ್ರೂ ಹೇಳಿ, ಆ ಹುಡುಗಿ ನಿಮ್ಮಮ್ಮನೇ ಅಂತ. ಒಂದೇ ಒಂದು ಸಲ."

ಟೀಚರ್ ಮೊದಲ ಬಾರಿಗೆ ಅವಳತ್ತ ತಿರುಗಿದರು. ಬಣ್ಣ ಮೆತ್ತಿದ ಕೈಯನ್ನು ಹಿಂದಿನ ಪ್ರೀತಿಯಿಂದಲೇ ಮೆಲ್ಲಗೆ ತಟ್ಟಿದರು.

"ಅವಳಿಗೂ ಡಾಕ್ಟರ್ ಕಥೆನೇ ಹೇಳ್ತೀನಿ, ಬಿಡಮ್ಮ. ನಿಮ್ಮಮ್ಮನ ಥರ ಆಗಬೇಡ, ಆ ಡಾಕ್ಟರ್ ಥರ ಆಗು ಅಂತೀನಿ."