ಪಕ್ಕದ ಮನೆಯ ಕೂಸು

ಲೂರ್ದು ಪಕ್ಕದ ಮನೆಯ ಮಗುವನ್ನು ಕದ್ದಿದ್ದಳು. ಯಾರಿಗೂ ಗೊತ್ತಾಗಿರಲಿಲ್ಲ, ಏಕೆಂದರೆ ಮಗು ಅದರ ತೊಟ್ಟಿಲಲ್ಲೇ ಕೈಕಾಲು ಬಡಿಯುತ್ತಿತ್ತು.

ಆದದ್ದು ಇಷ್ಟು. ಗೂಡಲೂರಿನಲ್ಲಿ ಆ ಮಳೆಗಾಲ ಜ್ವರ ಯಾವ ಮನೆಯನ್ನೂ ಬಿಡಲಿಲ್ಲ. ಮೆಣಸಿನ ವ್ಯಾಪಾರಿ ಮಾದಯ್ಯನ ಮನೆಯಲ್ಲಿ ಕೂಸು ಬೆಟ್ಟಯ್ಯ ಕಣ್ಣು ಮೇಲೆ ಮಾಡಿದ. ತಾಯಿ ಪುಟ್ಟಲಿಂಗಮ್ಮ ಕಷಾಯದ ಸೊಪ್ಪಿಗೆಂದು ಹಿತ್ತಿಲಿಗೆ ಓಡಿದಳು. ತೊಟ್ಟಿಲ ಬಳಿ ಉಳಿದವಳು ಲೂರ್ದು ಒಬ್ಬಳೇ. ಅವಳು ಕಾಫಿ ತೋಟದ ಗಾಡಿ ಹೊಡೆಯುವ ಇನ್ನಾಸಿಯ ಮಗಳು, ಹನ್ನೊಂದರ ಹುಡುಗಿ. ಸಾಯುವ ಮಗುವಿಗೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದೆಂದು ಚರ್ಚಿನ ಸ್ವಾಮಿಗಳು ಕಲಿಸಿದ್ದರು. ಪಾಪ, ಕೂಸು ಮೋಕ್ಷಕ್ಕೆ ಎರವಾಗಬಾರದಲ್ಲ! ಚೊಂಬಿನ ನೀರನ್ನು ಅದರ ಹಣೆಗೆ ಎರೆದು, ಪಿತನ, ಸುತನ, ಪವಿತ್ರಾತ್ಮನ ಹೆಸರು ಹೇಳಿದಳು.

ಬೆಟ್ಟಯ್ಯ ಬದುಕಿಬಿಟ್ಟ.

ಕಷ್ಟ ಶುರುವಾದದ್ದು ಅಲ್ಲಿಂದ. ಜ್ಞಾನಸ್ನಾನವಾದ ಮಗು ಧರ್ಮಸಭೆಯದು, ಅದು ಅನ್ಯರ ಮನೆಯಲ್ಲಿ ಬೆಳೆಯುವುದು ಸಲ್ಲದು ಎಂದು ಸ್ವಾಮಿಗಳು ಮುಂದಿನ ಪಾಠದಲ್ಲಿ ಹೇಳಿದರು. ಬೆಟ್ಟಯ್ಯನ ಕೊರಳಲ್ಲಿ ಹುಟ್ಟಿದ ವಾರದಲ್ಲೇ ಜಂಗಮ ಅಯ್ಯನವರು ಕಟ್ಟಿದ ಲಿಂಗವಿತ್ತು.

ನಾಳೆ ಅವಳ ಮೊದಲ ಪರಮಪ್ರಸಾದ, ದೇವರ ಶರೀರವೆಂದು ಕೊಡುವ ರೊಟ್ಟಿ. ಇವತ್ತು ಸಂಜೆ ಸ್ವಾಮಿಗಳ ಮುಂದೆ ಪಾಪನಿವೇದನೆ. ಮುಚ್ಚಿಟ್ಟರೆ ನಾಲಿಗೆಯ ಮೇಲೆ ದೇವರನ್ನಿಟ್ಟುಕೊಂಡು ಸುಳ್ಳಾಡಿದಂತೆ. ಹೇಳಿದರೆ ಸ್ವಾಮಿಗಳು ಗುಟ್ಟು ಬಿಡುವವರಲ್ಲ, ಆದರೆ ಊರ ಮುಂದೆ ನೀನೇ ಒಪ್ಪಿಕೋ ಎಂದು ಪ್ರಾಯಶ್ಚಿತ್ತ ಕೊಟ್ಟರೆ? ಕೂಸನ್ನು ಕನ್ಯಾಸ್ತ್ರೀಯರ ಮಠಕ್ಕೆ ಒಯ್ದರೆ? ಆ ತಾಯಿಯ ಗತಿಯೇನು? ಅವಳು ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

ಕೊನೆಗೆ ಪುಟ್ಟಲಿಂಗಮ್ಮನಿಗೇ ಮೊದಲು ಹೇಳುವುದೆಂದು ಹೊರಟಳು. ಆ ಮನೆಯಲ್ಲಿ ಮಡಿ ಬಲು ಬಿಗಿ. ಪರಮತದವರು ಯಾರೇ ಬರಲಿ, ಇನ್ನಾಸಿಯೇ ಬರಲಿ, ಜಗಲಿ ದಾಟುವಂತಿಲ್ಲ. ಒಲೆಯ ಪಕ್ಕ ಕೂತು ಉಣ್ಣುವ ಸಲುಗೆ ಲೂರ್ದು ಒಬ್ಬಳಿಗೆ. ಅಷ್ಟು ನಂಬಿದವರಿಗೆ ಇಂಥ ದ್ರೋಹ ಬಗೆದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಪುಟ್ಟಲಿಂಗಮ್ಮ ಅಕ್ಕಿ ಆರಿಸುತ್ತಿದ್ದಳು. ಲೂರ್ದು ಬಿಕ್ಕುತ್ತ ಎಲ್ಲವನ್ನೂ ಒದರಿದಳು. ನೀರು ಎರೆದದ್ದು, ಸ್ವಾಮಿಗಳ ಪಾಠ, ಮಠದ ಭಯ, ಯಾವುದನ್ನೂ ಬಿಡಲಿಲ್ಲ. ಮೊರದ ಮೇಲಿನ ಕೈ ನಿಂತಿತು. ಏಟು ಬೀಳುತ್ತದೆಂದು ಹುಡುಗಿ ಕಣ್ಣು ಮುಚ್ಚಿದಳು. ಏಟು ಬೀಳಲಿಲ್ಲ. ಪುಟ್ಟಲಿಂಗಮ್ಮ ಎದ್ದು ಹೋಗಿ ಬೀದಿಬಾಗಿಲ ಅಗುಳಿ ಹಾಕಿ ಬಂದಳು.

“ನಿಮ್ಮವ್ವಂಗೆ ಗೊತ್ತಾ?”

“ಇಲ್ಲ.”

“ಹೇಳಬ್ಯಾಡ. ನಾನೀಗ ಹೇಳೋದನ್ನೂ ಹೇಳಬ್ಯಾಡ.” ಅವಳು ಹುಡುಗಿಯ ಕಣ್ಣು ತಪ್ಪಿಸಿ ನೆಲ ನೋಡಿದಳು. “ನೀ ಹುಟ್ಟಿದಾಗ ನಿಮ್ಮವ್ವ ಬಾಣಂತಿ ಸನ್ನಿ ಹಿಡಿದು ಮಲಗಿದ್ಳು. ನನ್ನ ಚೊಚ್ಚಲ ಕೂಸು ಆಗ್ಲೇ ಮಣ್ಣಾಗಿ, ಎದೆ ತುಂಬ ಹಾಲಿತ್ತು. ನಿನ್ನ ಎತ್ಕೊಂಡು ಬಂದೆ. ಲಿಂಗ ಇಲ್ಲದ ಕೂಸಿಗೆ ಈ ಮನೇಲಿ ಮೊಲೆ ಕೊಡಕೂಡದು ಅಂದ್ರು ನಮ್ಮತ್ತೆ.”

ಅವಳು ಹುಡುಗಿಯ ಕೊರಳು ಮುಟ್ಟಿದಳು. “ಅಯ್ಯನೋರ ಕರೆಸಿ ನಿಂಗೂ ಕಟ್ಟಿಸಿಬಿಟ್ಟೆ ಕಣವ್ವಾ.”